ಎರಡು ಸಂತೆ, ಹದಿನಾಲ್ಕು ಹುಣಸೆ ಬೀಜ: ಮನಸ್ಸಿನ ಪ್ರಶ್ನೆಪಟ್ಟಿ ಮಾಡುವ ಬಗೆ

ನಾನು ಬಾಗಲಕೋಟೆ ಕಡೆ ಎ.ಆರ್.ಟಿ. ಕೌನ್ಸೆಲರ್. ಎಚ್.ಐ.ವಿ. ಮಾತ್ರೆಗೆ ಬರುವವರ ಜೊತೆ ಮಾತಾಡುವುದೇ ಕೆಲಸ. ಸೇರಿದ ಹೊಸದರಲ್ಲಿ ಖಿನ್ನತೆ ಅಳೆಯುವ ಪಿ.ಎಚ್.ಕ್ಯೂ.-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯ ಒಂದು ಅನುವಾದ ಕೈಗೆ ಬಂತು. "ಚಟುವಟಿಕೆಗಳಲ್ಲಿ ಆಸಕ್ತಿಯ ಕೊರತೆ ಇದೆಯೇ?" ಎಂದು ಓದಿದೆ. ಎದುರಿಗಿದ್ದ ಹೆಂಗಸು ಕೇಳಿದಳು: "ಅಂದ್ರ ಕೂಲಿ ಕೆಲಸಾನ ಅಕ್ಕಾರ? ದಿನಾ ಹೊಕ್ಕೀನಲ್ರಿ." ತೊಂದರೆ ಇಲ್ಲ ಅಂತ ಸೊನ್ನೆ ಅಂಕ ಹಾಕಿದೆ. ಮುಂದಿನ ತಿಂಗಳು ಆಕೆ ಬರಲಿಲ್ಲ. ಮಾತ್ರೆ ಬಿಟ್ಟಿದ್ದಳು.

ಅದಕ್ಕೇ ಹೇಳುತ್ತೇನೆ, ನಿಮ್ಮ ಜನಕ್ಕೆ ಇಂಥ ಪ್ರಶ್ನೆಪಟ್ಟಿ ಮಾಡುವುದಾದರೆ ಮೊದಲು ಅನುವಾದಕ್ಕೆ ಕೈ ಹಾಕಬೇಡಿ. ಇಪ್ಪತ್ತೋ ಮೂವತ್ತೋ ಜನರನ್ನು ಕೂರಿಸಿಕೊಂಡು ಕೇಳಿ: "ಈ ಕಾಯಿಲೆ ಬಂದವರಿಗೆ ಏನೇನು ತ್ರಾಸ ಇರತೈತಿ?" ನಿಮಗೇನು ಅಂತ ಕೇಳಬೇಡಿ, ಬಾಯಿ ಕಟ್ಟಿಹೋಗುತ್ತದೆ. ಅವರು ಅಂದದ್ದನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ "ಖಿನ್ನತೆ" ಒಮ್ಮೆಯೂ ಇಲ್ಲ. "ಜೀವಕ್ಕ ಸಮಾಧಾನ ಇಲ್ಲ", "ಯೋಚ್ನಿ ಭಾಳ", "ಮಂದ್ಯಾಗ ಕುಂದರಾಕ ಮನಸ್ಸಿಲ್ಲ" ಎಂಬಂಥವು ಇವೆ.

ಉಗಾಂಡಾದ ರಾಕಾಯಿ, ಮಸಾಕಾ ಕಡೆ ಸಂಶೋಧಕ ಪಾಲ್ ಬೋಲ್ಟನ್ ಅವರ ತಂಡ ಹೀಗೇ ಕೇಳಿತ್ತು. ಅಲ್ಲಿನವರು ಎರಡು ಕಾಯಿಲೆಗಳ ಹೆಸರು ಹೇಳಿದರು: ಯೊಕ್ವೆಕ್ಯಾವಾ ಅಂದರೆ ತನ್ನನ್ನು ತಾನೇ ದ್ವೇಷಿಸುವುದು, ಒಕ್ವೆಕುಬಾಜಿದಾ ಅಂದರೆ ತನಗಾಗಿ ತಾನೇ ಮರುಗುವುದು. ಜಿಂಬಾಬ್ವೆಯಲ್ಲಿ ಶೋನಾ ಭಾಷೆಯವರಿಗಾಗಿ ಮಾಡಿದ ಇಂಥದೇ ಪ್ರಶ್ನೆಪಟ್ಟಿಯಲ್ಲಿ 14 ಪ್ರಶ್ನೆಗಳಿವೆ. ಅಲ್ಲಿ ಕುಫುಂಗಿಸಿಸಾ ಅಂದರೆ ಅತಿಯಾಗಿ ಯೋಚಿಸುವುದು. ನಮ್ಮ "ಯೋಚ್ನಿ ಭಾಳ" ಅದರ ಅಕ್ಕನೋ ತಂಗಿಯೋ ಇರಬೇಕು!

ಇನ್ನು ಪ್ರಶ್ನೆ ಬರೆಯಿರಿ. ಬೇರೆ ಭಾಷೆಯದನ್ನು ತರುವುದಾದರೆ ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಆ ಭಾಷೆಗೆ ಹಾಕಲಿ. ಆದರೆ ಅಷ್ಟಕ್ಕೇ ನಂಬಬೇಡಿ. "ಬೇಸರ" ಎರಡೂ ಕಡೆ ಸರಿ ಕಾಣುತ್ತದೆ. ನಮ್ಮಲ್ಲಿ ಬಸ್ಸಿಗೆ ಕಾದರೂ ಬ್ಯಾಸರ, ಗಂಡ ಸತ್ತರೂ ಬ್ಯಾಸರ. ಹಾಗಾಗಿ ನಾಲ್ಕೈದು ಜನಕ್ಕೆ ಓದಿ ಹೇಳಿ, "ನಿಮಗೆ ಏನು ತಿಳೀತು?" ಎಂದು ಕೇಳಲೇಬೇಕು.

ಲೆಕ್ಕದ್ದು ಇನ್ನೊಂದು ಫಜೀತಿ. "ಹಿಂದಿನ ಎರಡು ವಾರ" ಅಂದರೆ ತಲೆಯಾಡಿಸುತ್ತಾರೆ, ಸುಮ್ನೆ. "ಎರಡು ಸಂತಿ ಹಿಂದಿನಿಂದ" ಅನ್ನಿ, ಕಣ್ಣು ಮೇಲೆ ಮಾಡಿ ಲೆಕ್ಕ ಹಾಕುತ್ತಾರೆ. "ಅರ್ಧಕ್ಕಿಂತ ಜಾಸ್ತಿ ದಿನ" ಅನ್ನುವ ಬದಲು ನಾನು ಹದಿನಾಲ್ಕು ಹುಣಸೆ ಬೀಜ ಕೊಡುತ್ತೇನೆ. ನಿದ್ದೆ ಬರದ ರಾತ್ರಿ ಎಷ್ಟೋ ಅಷ್ಟನ್ನು ಬೇರೆ ಇಡುತ್ತಾರೆ. ಗಂಡಸರು ಮೊದಲು ನಗುತ್ತಾರೆ, ಆಮೇಲೆ ಎಣಿಸುತ್ತಾರೆ.

ನಿದ್ದೆ, ಸುಸ್ತು, ಹಸಿವು ಈ ಮೂರರಲ್ಲಿ ಎಚ್ಚರ. ಎಚ್.ಐ.ವಿ., ಟಿ.ಬಿ., ಮಾತ್ರೆ ಯಾವುದರಿಂದಲೂ ಇವು ಬರುತ್ತವೆ. ಎಫಾವಿರೆಂಜ್ ಎಂಬ ಎಚ್.ಐ.ವಿ. ಮಾತ್ರೆ ನುಂಗುವವರಿಗೆ ಕೆಟ್ಟ ಕನಸು ಬೀಳುವುದುಂಟು. ಹಾಗಂತ ಆ ಪ್ರಶ್ನೆಗಳನ್ನು ಪಟ್ಟಿಯಿಂದ ತೆಗೆದುಹಾಕಬೇಡಿ. "ಮಾತ್ರೆ ಬದಲಾದ ಮೇಲೆ ಶುರುವಾಯ್ತಾ?" ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ದಿನದ ಬದುಕು ಎಷ್ಟು ಕೆಟ್ಟಿದೆ ಅಂತ ಅಳೆಯಲು ರೊಟ್ಟಿ ಬಡಿಯುವುದು, ಮಕ್ಕಳಿಗೆ ತಲೆ ಬಾಚುವುದು, ಮದುವೆ ಮನೆಗೆ ಹೋಗುವುದು ಇಂಥವನ್ನೇ ಕೇಳಿ.

ಕೊನೆಗೆ ಪರೀಕ್ಷೆ. ಅಂಕ ಗೊತ್ತಿಲ್ಲದ ಮನೋವೈದ್ಯರು ಅದೇ ಜನರ ಜೊತೆ ಬೇರೆಯಾಗಿ ಮಾತಾಡಲಿ, ನಂತರ ಎರಡನ್ನೂ ಹೊಂದಿಸಿ ನೋಡಿ. ಪಿ.ಎಚ್.ಕ್ಯೂ.-9ರಲ್ಲಿ 27ಕ್ಕೆ 10 ಬಂದರೆ ಗಮನ ಕೊಡಿ ಅನ್ನುತ್ತಾರೆ. ನಿಮ್ಮ ಊರಿನ ಗೆರೆ 8ಕ್ಕೂ ಬೀಳಬಹುದು, 12ಕ್ಕೂ ಬೀಳಬಹುದು.

ಹಾಳೆಯ ಮೇಲೆ ಎಚ್.ಐ.ವಿ. ಎಂದಾಗಲಿ ಹೆಸರಾಗಲಿ ಬೇಡ, ನಂಬರ್ ಸಾಕು. ಗುಟ್ಟು ಕಾಯುವುದು 2017ರ ಎಚ್.ಐ.ವಿ. ಕಾಯ್ದೆಯ ಮಾತು ಕೂಡ. ಬಾಗಿಲು ಮುಚ್ಚಿ ಕೇಳಿ. ಸಾಯಬೇಕು ಅನ್ನಿಸುತ್ತಾ ಎಂಬ ಪ್ರಶ್ನೆಯನ್ನಂತೂ, ಹೌದು ಅಂದವರನ್ನು ಅವತ್ತೇ ಯಾರ ಹತ್ತಿರ ಕಳಿಸಬೇಕು ಎಂದು ಗೊತ್ತು ಮಾಡಿಕೊಳ್ಳದೆ ಕೇಳಲೇಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ನನ್ನ ಮೇಜಿನ ಗಾಜಿನ ಕೆಳಗಿದೆ, ಬೀಜದ ಡಬ್ಬಿಯ ಪಕ್ಕದಲ್ಲೇ.