ಚುಕ್ಕಿ ವೈರ್ ಕಡಿಯುತ್ತಾಳೆ

ನಮ್ಮ ಮೊಲ ಚುಕ್ಕಿಯನ್ನು ಬೇರೆಯವರಿಗೆ ಕೊಡಬೇಕು ಅಂತ ತೀರ್ಮಾನ ಮಾಡಿದ ಮೇಲೆ ಒಂದು ವಾರ ಯಾರಿಗೂ ಹೇಳಲಿಲ್ಲ. ನಾಚಿಕೆಯಾಗುತ್ತಿತ್ತು. ಸಾಕೋಕೆ ಆಗದಿದ್ದ ಮೇಲೆ ತಂದಿದ್ದು ಯಾಕೆ ಅಂತ ಜನ ಕೇಳೇ ಕೇಳುತ್ತಾರೆ, ಅಲ್ವಾ?

ಮಗನಿಗೆ ಉಬ್ಬಸ ಶುರುವಾಗಿತ್ತು. ಮೊದಲು ಮೊಲದ ಕೂದಲಿನಿಂದ ಅಂದುಕೊಂಡೆವು. ಪರೀಕ್ಷೆ ಮಾಡಿಸಿದಾಗ ಒಣಹುಲ್ಲಿನ ದೂಳು ಅವನಿಗೆ ಒಗ್ಗುತ್ತಿಲ್ಲ ಅಂತ ಗೊತ್ತಾಯಿತು. ಹುಲ್ಲಿಲ್ಲದೆ ಮೊಲ ಸಾಕುವುದು ಆಗದ ಮಾತು. ಅದರ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ಮೊಲದ ಹಲ್ಲು ಅದು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಅಗಿದೇ ಸವೆಯಬೇಕು. ಆರು ತಿಂಗಳು ಹುಲ್ಲನ್ನು ಹೊರಗೆ ಕೊಡವಿ ತಂದು, ಮಾಸ್ಕ್ ಹಾಕಿಕೊಂಡು ಹಿಕ್ಕೆಯ ಟ್ರೇ ಬಳಿದು ನೋಡಿದೆವು. ಆಗಲಿಲ್ಲ.

ಚುಕ್ಕಿಗೆ ಆಗ ಮೂರು ವರ್ಷ. ಬಿಳಿ ಮೈ, ಎಡಗಿವಿಯ ಬುಡದಲ್ಲಿ ಒಂದು ಕಪ್ಪು ಮಚ್ಚೆ. ಚೆನ್ನಾಗಿ ನೋಡಿಕೊಂಡರೆ ಮನೆ ಮೊಲ 8ರಿಂದ 12 ವರ್ಷ ಬದುಕುತ್ತದೆ. ಅಷ್ಟೂ ವರ್ಷಕ್ಕೆ ಮನೆ ಹುಡುಕಬೇಕಿತ್ತು. ನೆಂಟರೊಬ್ಬರು, "ಪೊದೆ ಇರೋ ಕಡೆ ಬಿಟ್ಟು ಬಾ, ಮೊಲ ತಾನೆ" ಅಂದರು. ಮನೆಯಲ್ಲಿ ಹುಟ್ಟಿ ಬೆಳೆದ ಬಿಳಿ ಮೊಲಕ್ಕೆ ಅಡಗಿ ಕೂರುವುದೂ ಗೊತ್ತಿಲ್ಲ, ಅಡಗಿದರೂ ಅದರ ಬಣ್ಣ ಬಿಡುವುದಿಲ್ಲ. ಒಂದು ರಾತ್ರಿ ಕಳೆದರೆ ಹೆಚ್ಚು.

ಮೊದಲ ಸಲ ನಾನು ಹಾಕಿದ ಜಾಹೀರಾತು ಇಷ್ಟೇ: "ಮುದ್ದಾದ, ಸಾಧು ಮೊಲ. ಮಕ್ಕಳಿಗೆ ಒಳ್ಳೆಯ ಜೊತೆ. ಉಚಿತ." ಮುದ್ದಾದ ಅನ್ನೋದು ಮಾತ್ರ ನಿಜ. ಸಂಜೆಯೊಳಗೆ ಫೋನ್ ಮೇಲೆ ಫೋನ್. ಒಬ್ಬರು ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, "ತೂಕ ಎಷ್ಟಿದೆ?" ಅಂದರು. ಅಡುಗೆಗೋ, ಸಾಕಿದ ಹಾವಿಗೋ, ಯಾರಿಗೆ ಗೊತ್ತು. ಫೋನ್ ಇಟ್ಟೆ.

ಕೊನೆಗೆ ಎರಡು ಪುಟ್ಟ ಮಕ್ಕಳಿದ್ದ ಮನೆಗೆ ಕೊಟ್ಟೆ. ಒಳ್ಳೆಯ ಜನ. ಆದರೆ ಚುಕ್ಕಿಗೆ ಎತ್ತಿಕೊಂಡರೆ ಆಗಲ್ಲ ಅಂತ ನಾನು ಹೇಳಿರಲಿಲ್ಲ. ಮೊಲ ಬೇಟೆಗೆ ಸಿಗುವ ಪ್ರಾಣಿ. ಕಾಲು ನೆಲ ಬಿಟ್ಟರೆ ಹದ್ದು ಎತ್ತಿಕೊಂಡು ಹೋದ ಹಾಗೆ ಅದಕ್ಕೆ. ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಮೊದಲ ದಿನವೇ ಮಗುವಿನ ಕೈ ತರಚಿತು. ಎರಡನೇ ದಿನ ಫೋನಿನ ಚಾರ್ಜರ್ ಎರಡು ತುಂಡಾಯಿತು. ಮೂರನೇ ದಿನ ಬೆಳಿಗ್ಗೆ ಅವರ ಫೋನ್: "ಸೋಫಾ ಕೆಳಗೆ ಕೂತಿದೆ, ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಇವತ್ತು ತಿನ್ನಬಹುದು ಬಿಡಿ."

ನನ್ನ ಎದೆ ಧಸಕ್ಕೆಂದಿತು. ನಾಯಿ ಒಂದು ಹೊತ್ತು ಬಿಟ್ಟರೆ ಚಿಂತೆಯಿಲ್ಲ. ಮೊಲದ ಕರುಳು ನಿಲ್ಲಬಾರದು. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು. ಹೆದರಿಕೆ ಒಂದೇ ಸಾಕು ಹಾಗಾಗುವುದಕ್ಕೆ. ಓಡಿ ಹೋಗಿ ಸೋಫಾ ಕೆಳಗೆ ಕೈ ಹಾಕಿದರೆ ಕಿವಿ ತಣ್ಣಗಿತ್ತು. ಡಾಕ್ಟರ್ ಹೊಟ್ಟೆ ನೋಡಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಕರುಳಿಗೆ ಔಷಧಿ ಹಾಕಿ ಕಳಿಸಿದರು. ರಾತ್ರಿಯೆಲ್ಲ ಸಿರಿಂಜಿನಲ್ಲಿ ಹುಲ್ಲುಪುಡಿಯ ಗಂಜಿ. ಕೊಟ್ಟಿದ್ದರಲ್ಲಿ ಅರ್ಧ ನನ್ನ ತೋಳಿನ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಪೇಪರ್ ಮೇಲೆ ಟಪ್ ಟಪ್ ಅಂತ ಎರಡು ಹಿಕ್ಕೆ ಬಿದ್ದವು. ಸಣ್ಣವು, ಸಾಸಿವೆಗಿಂತ ಸ್ವಲ್ಪ ದಪ್ಪ. ಆಮೇಲೇ ನಾನು ಗೋಡೆಗೆ ಒರಗಿದ್ದು.

ಆ ಮನೆಯವರದ್ದೇನೂ ತಪ್ಪಿಲ್ಲ. ಹೇಳದೇ ಇದ್ದವಳು ನಾನು.

ಎರಡನೇ ಜಾಹೀರಾತು ಬರೆಯುವಾಗ ಮೊದಲ ಸಾಲಿನಲ್ಲೇ ಹಾಕಿದೆ: "ಚುಕ್ಕಿ ವೈರ್ ಕಡಿಯುತ್ತಾಳೆ." ಆಮೇಲೆ ಉಳಿದಿದ್ದು. ಎತ್ತಿಕೊಂಡರೆ ಒದೆಯುತ್ತಾಳೆ. ಮಡಿಲಿಗೆ ಬರಲ್ಲ, ಕಾಲ ಬಳಿ ಬಂದು ಕೂರುತ್ತಾಳೆ. ಸಿಟ್ಟು ಬಂದರೆ ಹಿಂಗಾಲು ನೆಲಕ್ಕೆ ಬಡಿಯುತ್ತಾಳೆ, ರಾತ್ರಿ ಎರಡಕ್ಕೂ ಬಡಿಯುತ್ತಾಳೆ. ಹಿಕ್ಕೆಗೆ ಟ್ರೇ ಬಿಟ್ಟು ಬೇರೆಲ್ಲೂ ಹೋಗಲ್ಲ. ಗರ್ಭಕೋಶ ತೆಗೆಸಿದೆ. "ಉಚಿತ" ತೆಗೆದು ಸಣ್ಣ ಮೊತ್ತ ಕೇಳಿದೆ. ದುಡ್ಡಿನ ಆಸೆಗಲ್ಲ, ತೂಕ ಕೇಳುವವರು ಅಲ್ಲೇ ನಿಲ್ಲಲಿ ಅಂತ. ಆ ದುಡ್ಡಿಗೆ ಆಮೇಲೆ ಅವಳಿಗೇ ಹುಲ್ಲು ಕೊಂಡು ಕಳಿಸಿದೆ.

ಫೋನ್ ತೀರಾ ಕಡಿಮೆಯಾಯಿತು. "ಮರಿ ಹಾಕಲ್ವಾ ಹಾಗಾದ್ರೆ?" ಅಂದು ಒಬ್ಬರು ಮಾಯವಾದರು. ಮೊಲಕ್ಕೆ ಒಂದೇ ತಿಂಗಳ ಬಸುರು, ಹಾಗಾಗಿ ಮರಿ ಮಾರುವವರ ಕಣ್ಣು ಹೆಣ್ಣಿನ ಮೇಲೆ. ಆದರೆ ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಬಹಳ ಜಾಸ್ತಿ, ಅದಕ್ಕೇ ಮೊದಲೇ ಮಾಡಿಸಿದ್ದೆವು. ಉಳಿದವರಿಗೆ ನಾನು ಕೇಳುತ್ತಿದ್ದದ್ದು ಏನು ತಿನ್ನಿಸ್ತೀರಿ ಅಂತ. "ಕ್ಯಾರೆಟ್!" ಅಂತ ಥಟ್ಟನೆ ಹೇಳಿದವರಿಗೆಲ್ಲ, ಅದು ಸಿಹಿ, ಅಪರೂಪಕ್ಕೊಂದು ತುಂಡು ಮಾತ್ರ ಅಂತ ವಿವರಿಸಿ ಸುಸ್ತಾದೆ.

ಹದಿನೈದು ದಿನ ಬಿಟ್ಟು ಒಬ್ಬ ಹೆಂಗಸು ಫೋನ್ ಮಾಡಿದರು. ನನ್ನ ಪ್ರಶ್ನೆಗಳಿಗೆ ಮೊದಲೇ ಅವರದ್ದು ಶುರುವಾಯಿತು. ಯಾವ ಪೆಲೆಟ್ (ಗುಳಿಗೆಯಂಥ ಮೊಲದ ಆಹಾರ), ದಿನಕ್ಕೆ ಎಷ್ಟು? ಕರುಳು ನಿಂತದ್ದು ಒಂದೇ ಸಲವಾ? ಹಲ್ಲು ತೋರಿಸಿದ್ದೀರಾ? ನನಗೆ ಸ್ವಲ್ಪ ಸಿಟ್ಟೂ ಬಂತು, ಪರೀಕ್ಷೆ ಕೊಟ್ಟ ಹಾಗಾಯಿತು. ಅವರ ಬಳಿ ಒಂದು ಗಂಡು ಮೊಲ ಇತ್ತು, ಬೀಜ ತೆಗೆಸಿದ್ದು. ಅದರ ಜೊತೆಗಾತಿ ಸತ್ತು ಎರಡು ತಿಂಗಳಾಗಿತ್ತು.

ಅವರ ಮನೆಗೆ ಹೋಗಿ ನೋಡಿ ಬಂದೆ. ಒಂದೇ ಒಂದು ವೈರ್ ಕಾಣಲಿಲ್ಲ, ಎಲ್ಲ ಪೈಪಿನೊಳಗೆ. ಆಮೇಲೆ ಅವರು ನಮ್ಮ ಮನೆಗೆ ಬಂದು ಚಾಪೆ ಮೇಲೆ ಕೂತರು. ಚುಕ್ಕಿಯನ್ನು ಕರೆಯಲಿಲ್ಲ, ಕೈ ಚಾಚಲಿಲ್ಲ. ಸುಮ್ನೆ ನನ್ನ ಜೊತೆ ಮಾತಾಡುತ್ತಾ ಕೂತರು. ಇಪ್ಪತ್ತು ನಿಮಿಷದ ಮೇಲೆ ಇವಳೇ ಕತ್ತು ಉದ್ದ ಮಾಡಿ ಬಂದು ಅವರ ಪಾದ ಮೂಸಿದಳು, ಗದ್ದದಿಂದ ಮೊಣಕಾಲು ಉಜ್ಜಿದಳು. ಮೊಲದ ಗದ್ದದಲ್ಲಿ ವಾಸನೆಯ ಗ್ರಂಥಿ ಇರುತ್ತದೆ. ತನ್ನದು ಅಂತ ಗುರುತು ಹಾಕುವ ರೀತಿ ಅದು.

ಕಳಿಸಿದ್ದು ಬೆಳಗಿನ ತಂಪಿನಲ್ಲಿ. ಮೊಲ ನಮ್ಮ ಹಾಗೆ ಬೆವರಲ್ಲ, ಮೈ ಬಿಸಿ ಹೋಗುವುದು ಹೆಚ್ಚಾಗಿ ಕಿವಿಯಿಂದ, ಬಿಸಿಲಿನ ಪ್ರಯಾಣ ಅದಕ್ಕೆ ಆಗಿಬರಲ್ಲ. ಒಗೆಯದ ಅವಳ ಹಳೇ ಬಟ್ಟೆ, ಟ್ರೇಯಿಂದ ಒಂದು ಹಿಡಿ ಬಳಸಿದ ಹುಲ್ಲು, ಎರಡು ವಾರಕ್ಕಾಗುವಷ್ಟು ಅದೇ ಪೆಲೆಟ್, ಡಾಕ್ಟರ ಚೀಟಿಗಳು. ಯಾವತ್ತು ಬೇಡವಾದರೂ ಮೊದಲು ನನಗೇ ಹೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಎರಡೂ ಮೊಲ ಅವತ್ತೇ ಗೆಳೆಯರಾಗುತ್ತವೆ ಅಂತ ನಾನು ಅಂದುಕೊಂಡಿದ್ದೆ. ಅವರು ನಕ್ಕರು. "ಒಟ್ಟಿಗೆ ಬಿಟ್ಟರೆ ಕಿವಿ ಹರಕೊಳ್ತಾವೆ." ಮೊದಲು ಅಕ್ಕಪಕ್ಕ ಎರಡು ಬೇಲಿ, ದಿನಕ್ಕೊಮ್ಮೆ ಟ್ರೇ ಅದಲು ಬದಲು, ಆಮೇಲೆ ಎರಡೂ ಮೊಲ ಅದುವರೆಗೆ ಕಾಲಿಡದ ಬಚ್ಚಲುಮನೆಯಲ್ಲಿ ಹತ್ತು ಹತ್ತು ನಿಮಿಷ.

ಆ ರಾತ್ರಿ ನಾನು ಕಳಿಸಿದ ಮೆಸೇಜು ಒಂದೇ: "ಹಿಕ್ಕೆ ಹಾಕಿದಳಾ?" ಉತ್ತರವಾಗಿ ಟ್ರೇಯ ಫೋಟೊ ಬಂತು. ದುಂಡನೆಯ, ದಪ್ಪ ಹಿಕ್ಕೆಗಳು.

ಐದು ವಾರಕ್ಕೆ ಎರಡೂ ಒಟ್ಟಿಗೆ ಮಲಗತೊಡಗಿದವು. ಆಮೇಲೆ ಒಮ್ಮೆ ಮಗನನ್ನು ಕರೆದುಕೊಂಡು ಹೋದೆ, ಮಾಸ್ಕ್ ಹಾಕಿಸಿ. ಅವನು ಬಾಗಿಲ ಬಳಿಯೇ ನೆಲದ ಮೇಲೆ ಕೂತ. ಚುಕ್ಕಿ ಬಂದು ಅವನ ಶೂ ಮೂಸಿ, ಲೇಸ್ ಕತ್ತರಿಸಿ, ವಾಪಸ್ ಹುಲ್ಲಿನ ಕಡೆ ಹೋದಳು.