ಬಸ್ ಸ್ಟಾಪಿನ ಕೊಡೆ: ನನ್ನ ಅನುಭವ

ಕೊಡಗಿನ ನಮ್ಮ ಕಡೆ ಮಳೆ ಇಂಚಿನ ಲೆಕ್ಕ. ಮಡಿಕೇರಿಯಲ್ಲೇ ವರ್ಷಕ್ಕೆ 120 ಇಂಚು ದಾಟುತ್ತದೆ, ಭಾಗಮಂಡಲ ಕಡೆ ಕೇಳೋದೇ ಬೇಡ. ಅದಕ್ಕೇ ನಮ್ಮ ಬಸ್ ಸ್ಟಾಪಿನಲ್ಲಿ ಎಲ್ಲರಿಗೂ ಅಂತ ಕೊಡೆ ಇಡೋಕೆ ಶುರು ಮಾಡಿದೆ. ಬಸ್ಸಿಳಿದು ಕೊಡೆ ಇಲ್ಲದೆ ನಿಂತವರು ಯಾರೇ ಆಗಲಿ, ತಗೊಂಡು ಹೋಗಲಿ, ಆಮೇಲೆ ವಾಪಸ್ ಇಡಲಿ. ಇಷ್ಟೇ ಯೋಚನೆ. "ದುಡ್ಡು ಹೊಳೆಗೆ ಹಾಕ್ತಿದ್ದೀರಲ್ಲ ಬಾವ" ಅಂತ ಪಕ್ಕದ ತೋಟದವರು ಕುಶಾಲು ಮಾಡಿದರು.

ಮೊದಲ ವರ್ಷ ಗೋಣಿಕೊಪ್ಪದಿಂದ ಹೊಸ ಕಪ್ಪು ಕೊಡೆ ತಂದೆ, ಒಂದಕ್ಕೆ 280ರ ಹತ್ತಿರ. ಆಗಸ್ಟ್ ಶುರುವಿನಲ್ಲಿ ಬರುವ ನಮ್ಮ ಕಕ್ಕಡ ಹದಿನೆಂಟರ ಹಬ್ಬದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಕಳ್ಳತನ ಅನ್ನಲ್ಲ. ಕಪ್ಪು ಕೊಡೆ ಮನೆಗೆ ಹೋದರೆ ಮನೆಯ ಕೊಡೆಗಳ ಜೊತೆ ಸೇರಿಹೋಗುತ್ತದೆ, ಅಷ್ಟೇ. ಮರುವರ್ಷ ಬಿಳಿ ಪೇಂಟಲ್ಲಿ ನನ್ನ ಹೆಸರು ಬರೆಸಿದೆ. ಯಾರೂ ಮುಟ್ಟಲಿಲ್ಲ! ಇನ್ನೊಬ್ಬರ ಹೆಸರಿನ ಕೊಡೆ ಹಿಡಿಯೋಕೆ ಸಂಕೋಚ, ನೆನೆದುಕೊಂಡೇ ಹೋದರು.

ಕೊನೆಗೆ ಹಳೇ ಕೊಡೆಗಳನ್ನೇ ಸೇರಿಸಿದೆ. ಕಡ್ಡಿ ರಿಪೇರಿ ಮಾಡಿಸಿ, ಎಂಟು ಪಟ್ಟಿಗಳಲ್ಲಿ ಒಂದನ್ನು ಕಿತ್ತು ಅಲ್ಲಿ ಹಳದಿ ಬಟ್ಟೆ ಹೊಲಿಸಿದೆ. ಒಂದಕ್ಕೆ 70–80 ರೂಪಾಯಿ ಬಿತ್ತು. ದೂರದಿಂದ ನೋಡಿದರೂ ಗೊತ್ತಾಗುತ್ತದೆ, ಇದು ಸ್ಟಾಪಿನ ಕೊಡೆ. ಹೆಸರಿಲ್ಲ, ಹಂಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳೋಕೂ ಆಗಲ್ಲ. ಹಿಡಿಗೂ ಒಂದು ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳೋದಿಲ್ಲ, ಹೇಳಿದರೆ ಅದರ ಉಪಯೋಗ ಹೋಯ್ತು.

ಇಡೋ ಜಾಗದ್ದೂ ತಲೆನೋವೇ. ಡ್ರಮ್ಮಲ್ಲಿಟ್ಟರೆ ಒಂದೇ ವಾರಕ್ಕೆ ಬೂಷ್ಟು, ಕಡ್ಡಿಗೆ ತುಕ್ಕು. ಈಗ ಸ್ಟಾಪಿನ ಮಾಡಿನ ಕೆಳಗೆ ಅಡ್ಡಕ್ಕೆ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್. ಹಿಡಿ ಸಿಕ್ಕಿಸಿ ತೂಗುಹಾಕಿದರೆ ನೀರು ತುದಿಯಿಂದ ಇಳಿದುಹೋಗುತ್ತದೆ. ಇಂಥದ್ದೇ ಇನ್ನೊಂದು ಪೈಪ್ ಸ್ಟಾಪಿನಿಂದ ಹೋಗುವ ಒಳರಸ್ತೆಯ ಕೊನೆಯಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳ ಹತ್ತಿರ ಹಾಕಿದೆ. ಅಸಲಿಗೆ ಗೆದ್ದದ್ದು ಇದರಿಂದಲೇ. ರಾತ್ರಿ ಅಲ್ಲಿ ಬಿಟ್ಟ ಕೊಡೆಯನ್ನು ಬೆಳಿಗ್ಗೆ ಬಸ್ಸಿಗೆ ಬರುವ ಇನ್ಯಾರೋ ಹಿಡಿದುಕೊಂಡು ಬರುತ್ತಾರೆ.

ಇದರ ಜೊತೆ ಆನೆ ಓಡಾಡುವ ದಾರಿ ಅಂತ ಟಾರ್ಚ್ ಇಟ್ಟು ನೋಡಿದೆ. ಎರಡೇ ದಿನ, ಮಾಯ. ಜಿಗಣೆಗೆ ಸುಣ್ಣ-ಹೊಗೆಸೊಪ್ಪಿನ ಗಂಟು ಕಟ್ಟಿಟ್ಟದ್ದು ಮಾತ್ರ ಹಿಟ್! ಹೊಗೆಸೊಪ್ಪು ಕಾಲಿಗೆ ಹೋಯ್ತೋ ಬಾಯಿಗೆ ಹೋಯ್ತೋ, ನಾನು ವಿಚಾರಿಸಿಲ್ಲ.

ಎಲ್ಲಾ ಸೇರಿ ಏಳೆಂಟು ಸಾವಿರ ಹೋಗಿರಬಹುದು, ಅದರಲ್ಲಿ ಅರ್ಧ ಆ ಕಪ್ಪು ಕೊಡೆಗಳದ್ದೇ. ಹೋದ ಮಳೆಗಾಲ ಕಳೆದದ್ದು ಎರಡೋ ಮೂರೋ. ನಾನು ಇಡದ ಕೊಡೆಗಳೂ ಬಂದು ಸೇರಿವೆ, ಒಂದಂತೂ ಹೂವಿನ ಚಿತ್ರದ್ದು. ಪೈಪ್ ಇನ್ನೆರಡು ಅಡಿ ಉದ್ದ ಮಾಡಿಸಬೇಕು.