ಕರೆಂಟಿನ ಹಮ್ ಹಿಡಿದು ಜಪಾನಿನ ಎಕ್ಸ್ ಬ್ಯಾಂಡಿನ ಕಾಲದ ಕ್ಯಾಸೆಟ್‌ಗಳ ಸ್ಪೀಡ್ ಸರಿ ಮಾಡಿದ್ದು: ನನ್ನ ಅನುಭವ

ಹಳೇ ಕ್ಯಾಸೆಟ್ ಯಾವ ಸ್ಪೀಡಿನಲ್ಲಿ ರೆಕಾರ್ಡ್ ಆಗಿದೆ ಅಂತ ಅದರೊಳಗಿನ ಕರೆಂಟ್ ಹಮ್, ಅಂದರೆ ಮೇನ್ಸ್ ಕರೆಂಟಿನ ಗುಂಯ್ ಸದ್ದು, ನೋಡಿ ಹೇಳಬಹುದು ಅಂದಾಗ ನಮ್ಮ ಟೇಪ್ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಗುರೂ, ಸ್ಟುಡಿಯೋ ಟೇಪಿಗಾದರೆ ಸರಿ. ಹೈಸ್ಕೂಲ್ ಹುಡುಗಿಯರು ವಾಕ್‌ಮನ್‌ನಲ್ಲಿ ಮಾಡಿದ್ದಕ್ಕೆ ಇದೆಲ್ಲ ನಡೆಯಲ್ಲ" ಅಂದರು. ನಡೆಯಿತು. ಒಂದು ದೊಡ್ಡ ಡಬ್ಬದ ತುಂಬ ಇದ್ದ ಟೇಪುಗಳಲ್ಲಿ ಮುಕ್ಕಾಲು ಪಾಲು ಈಗ ಹತ್ತು ಸೆಂಟ್ಸ್ (ಅರ್ಧ ಸ್ವರದ ಹತ್ತನೇ ಒಂದು ಪಾಲು) ಒಳಗೆ ಕೂತಿವೆ. ಬರೀ ಕಿವಿಯಲ್ಲಿ ಇಷ್ಟು ಹತ್ತಿರ ಬಂದವರನ್ನು ನಾನು ನೋಡಿಲ್ಲ.

ಟೇಪುಗಳು ಟೋಕಿಯೋದಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ಸಹೋದ್ಯೋಗಿಯವು. ಅವರು ಚೀಬಾ ಕಡೆಯವರು. ಎಕ್ಸ್ ಅನ್ನೋ ಮೆಟಲ್ ಬ್ಯಾಂಡಿನ ಡ್ರಮ್ಮರ್ ಯೋಶಿಕಿ, ಹಾಡುಗಾರ ತೋಶಿ ಇಬ್ಬರೂ ಅದೇ ಚೀಬಾದ ತತೆಯಾಮಾದವರು, ಚಿಕ್ಕಂದಿನ ಗೆಳೆಯರು. 1982ರಲ್ಲಿ ಎಕ್ಸ್ ಶುರುವಾಯಿತು. 1986ರಲ್ಲಿ ಯೋಶಿಕಿ ತನ್ನದೇ ಎಕ್ಸ್ಟಸಿ ರೆಕಾರ್ಡ್ಸ್ ಕಂಪನಿ ಮಾಡಿದ. ಟಿವಿಯ ನಗೆ ಕಾರ್ಯಕ್ರಮಕ್ಕೂ ಮೇಕಪ್ಪು, ಎದ್ದು ನಿಂತ ಕೂದಲು ಸಮೇತ ಹೋಗಿ ಬಂದರು. ಗಂಭೀರ ಮೆಟಲ್ ಮಂದಿ ಮೂಗು ಮುರಿದರು. ಆದರೆ ಜಪಾನಿನ ಮನೆಮನೆಗೆ ಆ ಮುಖಗಳು ತಲುಪಿದ್ದು ಹಾಗೆಯೇ. ಅದು ಸರಿಯಾದ ಲೆಕ್ಕಾಚಾರವಾಗಿತ್ತು ಅಂತಲೇ ನನ್ನ ಅಭಿಪ್ರಾಯ. 1989ರ ಏಪ್ರಿಲ್‌ನಲ್ಲಿ ಸೋನಿ ಕಡೆಯಿಂದ ಆಲ್ಬಮ್ ಬಂದ ಮೇಲೆ ಊರೂರಿನ ಹೈಸ್ಕೂಲುಗಳಲ್ಲಿ ಕಾಪಿ ಬ್ಯಾಂಡ್ ಹುಟ್ಟಿಕೊಂಡವು. ನಮ್ಮ ಸಹೋದ್ಯೋಗಿಯದೂ ಅಂಥದ್ದೇ ಒಂದು. ಐದೂ ಜನ ಹುಡುಗಿಯರು. ಇವರದು ಎಕ್ಸ್ ಗಿಟಾರಿಸ್ಟ್ ಹಿದೆ ನುಡಿಸುತ್ತಿದ್ದ ಗಿಟಾರ್ ಪಾಲು.

ಡಬ್ಬದಲ್ಲಿ ಮೂರು ಬಗೆ ಇತ್ತು. ರಿಹರ್ಸಲ್ ಟೇಪು, ರೇಡಿಯೋದಿಂದ ಮತ್ತು ಟಿವಿಯಿಂದ ಹಿಡಿದದ್ದು, ಸಿಡಿಯಿಂದ ಇಳಿಸಿಕೊಂಡದ್ದು. ಹಾಕಿದರೆ ಒಂದು ಟೇಪಿನಲ್ಲಿ ಹುಡುಗಿಯರ ದನಿ ಗುಬ್ಬಿ ಥರ, ಇನ್ನೊಂದರಲ್ಲಿ ಗಂಡಸರ ಥರ.

ಮೊದಲು ಎಲ್ಲರ ಹಾಗೆ ಗಿಟಾರಿನ ಸ್ವರ ಹಿಡಿದು ಸರಿ ಮಾಡಲು ಹೋದೆ. ಅದು ಕೈಕೊಟ್ಟಿತು. ತೋಶಿ ಹಾಡುವ ಎತ್ತರ ಎಲ್ಲರ ಗಂಟಲಿಗೂ ಎಟುಕುವುದಿಲ್ಲ. ಹಾಗಾಗಿ ಕಾಪಿ ಬ್ಯಾಂಡಿನವರು ತಂತಿ ಇಳಿಸಿಕೊಳ್ಳುತ್ತಾರೆ. ಒಂದು ವಾರ ಅರ್ಧ ಸ್ವರ, ಇನ್ನೊಂದು ವಾರ ಒಂದು ಸ್ವರ. ಟ್ಯೂನರ್ ಇಲ್ಲದೆ ಬೇಸ್ ಗಿಟಾರಿಗೆ ಹೊಂದಿಸಿಕೊಂಡಿದ್ದರೆ ಮುಗಿದೇ ಹೋಯಿತು. ಟೆಂಪೋ ಹಿಡಿಯೋಣ ಅಂದರೆ ಯೋಶಿಕಿ ವೇಗದ ಡಬಲ್ ಬಾಸ್ ಡ್ರಮ್ಮನ್ನು ಹದಿನಾರರ ಹುಡುಗಿ ನುಡಿಸುತ್ತಿದ್ದಾಳೆ. ಹಾಡಿನ ಶುರುವಿಗೂ ಕೊನೆಗೂ ತಾಳವೇ ಬೇರೆ.

ಆಗ ಹಮ್ ಕಡೆ ತಿರುಗಿದೆ. ಹಮ್ ಕರೆಂಟಿನ ಕಂಪನದಲ್ಲೇ ಇರಬೇಕು, ಟೇಪಿನಲ್ಲಿ ಅದು ಎಷ್ಟು ಸರಿದಿದೆಯೋ ಸ್ಪೀಡೂ ಅಷ್ಟೇ ತಪ್ಪಿದೆ. ಜಪಾನಿನಲ್ಲಿ ಕರೆಂಟ್ ಎರಡು ಬಗೆ ಅಂತ ನಿಮಗೆ ಗೊತ್ತೇ ಇದೆ. ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಫೂಜಿ ನದಿಯ ಹತ್ತಿರ ಅದು ಬದಲಾಗುತ್ತೆ. ವಾಕ್‌ಮನ್ ಬ್ಯಾಟರಿಯಲ್ಲಿ ಓಡಿದರೂ ಪರವಾಗಿಲ್ಲ. ರೂಮಿನಲ್ಲಿರುವ ಗಿಟಾರ್ ಆಂಪ್ ಹಮ್ ಮಾಡುತ್ತಲೇ ಇರುತ್ತೆ, ಮೈಕ್ ಅದನ್ನು ಹಿಡಿದಿರುತ್ತೆ.

ಗೆಳೆಯರು ಸೋತದ್ದು ಎಲ್ಲಿ ಅಂದರೆ, ಸದ್ದಿನ ಸ್ಪೆಕ್ಟ್ರಮ್ ಚಿತ್ರದಲ್ಲಿ ನೇರ 50ರ ಹತ್ತಿರ ಹಮ್ ಗೆರೆ ಹುಡುಕಿದ್ದರಿಂದ. ಎಕ್ಸ್ ಹಾಡಿನಲ್ಲಿ 120ರ ಕೆಳಗೆ ಎರಡು ಬಾಸ್ ಡ್ರಮ್ಮಿನ ಕೆಸರು ಬಿಟ್ಟರೆ ಏನೂ ಕಾಣಲ್ಲ. ನಾನು ಹಾಡು ಬಿಟ್ಟು ಹಾಡುಗಳ ನಡುವಿನ ಸಂದು ತಗೊಂಡೆ. ಡ್ರಮ್ ನಿಂತಿದೆ, ಯಾರೋ ನಗುತ್ತಿದ್ದಾರೆ, ಆಂಪ್ ಆನ್ ಇದೆ. ಅಂಥ ನಾಲ್ಕೈದು ಸೆಕೆಂಡ್ ಸಾಕು. ಅದರಲ್ಲೂ 300, 600ರ ಹಾರ್ಮೋನಿಕ್ (ಹಮ್ ಕಂಪನದ ಗುಣಕಗಳು) ನೋಡಬೇಕು. 48 ಸಾವಿರ ಸ್ಯಾಂಪಲ್ ರೇಟಿನಲ್ಲಿ ಸದ್ದನ್ನು ಕಂಪನಗಳಾಗಿ ಬಿಡಿಸಿ ತೋರಿಸುವ 65,536 ಪಾಯಿಂಟಿನ ಎಫ್‌ಎಫ್‌ಟಿ ಹಾಕಿದರೆ 600ರ ಹತ್ತಿರ ಶೇಕಡಾ 0.12ರಷ್ಟು ವ್ಯತ್ಯಾಸವೂ ಕಾಣುತ್ತೆ. 614ರಲ್ಲಿ ಗೆರೆ ಬಂತು ಅಂದರೆ ಟೇಪು ಶೇಕಡಾ 2.3ರಷ್ಟು ಜೋರಾಗಿ ಓಡುತ್ತಿದೆ. ಅಷ್ಟು ಇಳಿಸಿದೆ, ಗುಬ್ಬಿಗಳೆಲ್ಲ ಹುಡುಗಿಯರಾದರು.

ನಿಜವಾದ ತಲೆನೋವು ಟೇಪಿನಿಂದ ಟೇಪಿಗೆ ಇಳಿಸಿಕೊಂಡದ್ದರಲ್ಲಿ. ಅಲ್ಲಿ ಎರಡು ಗೆರೆ ಇರುತ್ತೆ. ಒಂದು ಮೂಲ ರೂಮಿನದು, ಇನ್ನೊಂದು ಇಳಿಸಿಕೊಂಡ ಡೆಕ್ಕಿನದು. ತಪ್ಪು ಗೆರೆ ಹಿಡಿದರೆ ಇದ್ದದ್ದೂ ಕೆಡುತ್ತೆ. ಇದರಲ್ಲೇ ಒಂದು ಚಳಿಗಾಲ ಪೂರ್ತಿ ಹೋಯಿತು. ಯಾವುದು ಮೂಲದ್ದು ಅಂತ ಪತ್ತೆ ಹಚ್ಚಲು ಒಂದು ದಾರಿ ಸಿಕ್ಕಿದೆ. ಸಮ ಮತ್ತು ಬೆಸ ಹಾರ್ಮೋನಿಕ್‌ಗಳ ಬಲಾಬಲ ನೋಡಿ ಅಂತ ಸುಳಿವು ಕೊಡಬಲ್ಲೆ. ಉಳಿದದ್ದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಸೆಕೆಂಡ್ ಹ್ಯಾಂಡ್ ಅಂಗಡಿಯ ಜಂಕ್ ಕಪಾಟಿನಿಂದ ಮೂರು ಹೆಡ್ಡಿನ ಡೆಕ್ ತಂದೆ, ಸುಮಾರು 3,000 ಯೆನ್. ರಿಪೇರಿಗೆ ಕೊಟ್ಟರೆ 40 ಸಾವಿರ ಕೇಳಿದರು. ಬೆಲ್ಟು, ಪಿಂಚ್ ರೋಲರ್ ತರಿಸಿ ನಾನೇ ಹಾಕಿದೆ, ಐದಾರು ಸಾವಿರದಲ್ಲಿ ಮುಗಿಯಿತು. ಇನ್ನೆರಡು ಜಂಕ್ ಡೆಕ್ ಬರೀ ಬಿಡಿಭಾಗಕ್ಕೆ ಅಂತ ತಗೊಂಡೆ. ಒಂದರ ಮೋಟಾರ್ ಸತ್ತಿತ್ತು, ಇನ್ನೊಂದರ ಹೆಡ್ ಸವೆದಿತ್ತು. ಆಡಿಯೋ ಇಂಟರ್ಫೇಸ್ ಇಪ್ಪತ್ತು ಸಾವಿರ ಚಿಲ್ಲರೆ. ಎಲ್ಲ ಸೇರಿ 50 ಸಾವಿರ ಯೆನ್ ಒಳಗೆ. ನಮ್ಮವರೊಬ್ಬರು ಬರೀ ಡೆಕ್ಕಿಗೇ ಎರಡು ಲಕ್ಷ ಸುರಿದಿದ್ದಾರೆ. ಇಬ್ಬರ ಫೈಲೂ ಪಕ್ಕಪಕ್ಕ ಕೇಳಿಸಿದೆ. ವ್ಯತ್ಯಾಸ ಯಾರೂ ಹೇಳಲಿಲ್ಲ.

ನಂಬದವರ ಬಾಯಿ ಮುಚ್ಚಿಸಿದ್ದು ಮಾತ್ರ ಒಂದು ಸಿ-60 ಕ್ಯಾಸೆಟ್, ಬದಿಗೆ 30 ನಿಮಿಷದ್ದು. 1993ರಲ್ಲಿ ಯೋಶಿಕಿಯ ಬ್ಯಾಂಡಿನದು 29 ನಿಮಿಷದ ಒಂದೇ ಹಾಡಿನ ಸಿಡಿ ಬಂತಲ್ವಾ. ಅಷ್ಟರಲ್ಲಿ ಬ್ಯಾಂಡು ಎಕ್ಸ್ ಜಪಾನ್ ಆಗಿತ್ತು. 1992ರ ಜನವರಿಯಲ್ಲಿ ಟೋಕಿಯೋ ಡೋಮ್‌ನಲ್ಲಿ ಮೂರು ರಾತ್ರಿ ಸತತವಾಗಿ ನುಡಿಸಿ ಬೇಸ್ ಗಿಟಾರಿನ ತೈಜಿ ಹೊರಬಿದ್ದಿದ್ದ. ಅವನ ಜಾಗಕ್ಕೆ ಹೀತ್ ಬಂದಿದ್ದ. ಅಮೆರಿಕದಲ್ಲಿ ಎಕ್ಸ್ ಅನ್ನೋ ಬ್ಯಾಂಡ್ ಮೊದಲೇ ಇದ್ದದ್ದರಿಂದ ಹೆಸರು ಉದ್ದವಾಯಿತು. ಆ 29 ನಿಮಿಷ ಸಿ-60ಯ ಒಂದು ಬದಿಗೆ ಸರಿಯಾಗಿ ಹಿಡಿಸಬೇಕು. ಸಹೋದ್ಯೋಗಿಯ ಟೇಪಿನಲ್ಲಿ ಕೊನೆ ಕತ್ತರಿಸಿ ಹೋಗಿದೆ. ರೆಕಾರ್ಡ್ ಮಾಡಿದ ಡೆಕ್ಕೇ ಜೋರಾಗಿ ಓಡಿದೆ ಅಂತ ಅರ್ಥ. ನನ್ನ ಡೆಕ್ಕಿನಲ್ಲಿ ಅದು ನಿಧಾನ ಕೇಳುತ್ತೆ. ಸಿಡಿಯ ಸಮಯ ಎಲ್ಲರಿಗೂ ಗೊತ್ತಿರುವುದರಿಂದ ಇದೇ ಒಳ್ಳೆ ಪರೀಕ್ಷೆ. ಹಮ್ ಗೆರೆ 48.3ರ ಸುತ್ತ ಬಂತು. ಅಂದರೆ ಸಿಡಿಯ 20 ನಿಮಿಷ ಟೇಪಿನಲ್ಲಿ 42 ಸೆಕೆಂಡ್ ಜಾಸ್ತಿ ಹಿಡಿಯಬೇಕು. ಆರಂಭದಿಂದ ನಡುವಿನ ಪಿಯಾನೋ ಭಾಗದೊಳಗಿನ ಒಂದು ಗುರುತಿನ ತನಕ ಅಳೆದೆ. ಲೆಕ್ಕಕ್ಕೂ ಅಳತೆಗೂ ಒಂದೆರಡು ಸೆಕೆಂಡಿನ ವ್ಯತ್ಯಾಸ, ಅಷ್ಟೇ. ಆ ಎರಡು ಫೈಲ್ ಕಳಿಸಿದ ಮೇಲೆ ಯಾರೂ ವಾದಕ್ಕೆ ಬಂದಿಲ್ಲ.

ಒಂದು ಟೇಪಿಗೆ ಲೇಬಲ್ಲೇ ಇರಲಿಲ್ಲ. ಗೆರೆ 59ರ ಆಸುಪಾಸಿನಲ್ಲಿ. ಟೋಕಿಯೋದಲ್ಲಿ ಹೀಗಾಗಬೇಕಾದರೆ ಟೇಪು ಶೇಕಡಾ 18ರಷ್ಟು ಜೋರಿರಬೇಕು. ದನಿ ಹಾಗಿಲ್ಲ. "ಇದು ಒಸಾಕಾ ಕಡೆದು" ಅಂದೆ. ಸಹೋದ್ಯೋಗಿ ಸ್ವಲ್ಪ ಯೋಚಿಸಿ, ಡ್ರಮ್ ಹುಡುಗಿ ಕಾಲೇಜಿಗೆ ಅಂತ ಒಸಾಕಾಕ್ಕೆ ಹೋದ ಮೇಲೆ ಎಲ್ಲರೂ ಅಲ್ಲಿಗೆ ಹೋಗಿ ಒಮ್ಮೆ ನುಡಿಸಿದ್ದು ನೆನಪಿಸಿಕೊಂಡರು.

ನಡುವೆ ಸುಮ್ನೆ ಊರಿನ ಟೇಪುಗಳ ಮೇಲೂ ಪ್ರಯತ್ನಿಸಿದೆ. ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ಮಾಡಿಕೊಂಡ ಹರಿಕಥೆ ಕ್ಯಾಸೆಟ್ ಮನೆಯಲ್ಲಿತ್ತು. ಅಲ್ಲಿ ಈ ಲೆಕ್ಕ ನಿಲ್ಲಲ್ಲ. ಆಗ ದಕ್ಷಿಣದ ಗ್ರಿಡ್ ಲೋಡ್ ಬಿದ್ದಾಗ 48.5ರ ಕೆಳಗೂ ಇಳಿಯುತ್ತಿತ್ತು. ಅಳತೆಗೋಲೇ ಕುಗ್ಗಿದರೆ ಏನು ಅಳೆಯೋದು? ಅದಕ್ಕೆ ಬೇರೆ ದಾರಿ ಬೇಕು. ಶ್ರುತಿಪೆಟ್ಟಿಗೆ ಹಿಡಿದು ನೋಡುತ್ತಿದ್ದೇನೆ.

ಕೊನೆಯ ಟೇಪಿಗೆ ಬರೋಣ. 1997ರ ಏಪ್ರಿಲ್‌ನಲ್ಲಿ ತೋಶಿ ಬಿಟ್ಟ. ಸೆಪ್ಟೆಂಬರ್ 22ಕ್ಕೆ ಬ್ಯಾಂಡ್ ಮುಗಿಯಿತು ಅಂತ ಘೋಷಣೆ. ಡಿಸೆಂಬರ್ 31ಕ್ಕೆ ಟೋಕಿಯೋ ಡೋಮ್‌ನಲ್ಲಿ ಕೊನೆಯ ಕಾರ್ಯಕ್ರಮ. ಅದೇ ರಾತ್ರಿ ಎನ್‌ಎಚ್‌ಕೆಯ ಕೋಹಾಕು ಅನ್ನೋ ವರ್ಷಾಂತ್ಯದ ಟಿವಿ ಹಾಡಿನ ಕಾರ್ಯಕ್ರಮಕ್ಕೂ ಬಂದು ಹಾಡಿದರು. ಐದೂ ಜನ ಒಟ್ಟಿಗೆ ನಿಂತದ್ದು ಅದೇ ಕೊನೆ. 1998ರ ಮೇ 2ಕ್ಕೆ ಹಿದೆ ತೀರಿಕೊಂಡ. 2007ರಲ್ಲಿ ಬ್ಯಾಂಡು ಮತ್ತೆ ಸೇರಿತು, ಆದರೆ ಹಿದೆ ಇರಲಿಲ್ಲ. ಡೋಮ್‌ಗೆ ಟಿಕೆಟ್ ಸಿಗದೆ ನಮ್ಮ ಸಹೋದ್ಯೋಗಿ ಆ ರಾತ್ರಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತಿದ್ದರು. ಹಾಡಿನ ನಡುವೆ ಲೋಟ ಇಟ್ಟ ಸದ್ದು, ಅಮ್ಮ ಏನೋ ಕೇಳಿದ್ದು, ಇವರು ಉತ್ತರ ಕೊಡದೇ ಇದ್ದದ್ದು ಎಲ್ಲ ಇದೆ.

ಇದರಲ್ಲಿ ಹಮ್ ಎಲ್ಲೂ ಸಿಗಲಿಲ್ಲ. ಆದರೆ ಹಳೇ ಪಿಕ್ಚರ್ ಟ್ಯೂಬ್ ಟಿವಿಗೆ ಒಂದು ಸಣ್ಣ ಸೀಟಿ ಇರುತ್ತೆ, 15,734 ಹರ್ಟ್ಜ್. ಟೋಕಿಯೋ ಆದರೂ ಒಸಾಕಾ ಆದರೂ ಒಂದೇ, ಕರೆಂಟಿಗಿಂತ ಎಷ್ಟೋ ನಿಖರ. ಅದೃಷ್ಟಕ್ಕೆ ಅವರು ಎತ್ತರದ ಸದ್ದನ್ನು ಚೆನ್ನಾಗಿ ಹಿಡಿಯುವ ಕ್ರೋಮ್ ಟೇಪ್ ಹಾಕಿದ್ದರು. ಅಜಿಮತ್ (ಹೆಡ್ಡಿನ ಓರೆ) ಸರಿ ಮಾಡುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದೆ, ಮಬ್ಬಾಗಿದ್ದ ಗೆರೆ ಮೇಲೆದ್ದಿತು. ಒಂದೇ ಗೆರೆಯಲ್ಲಿ ಅಜಿಮತ್ತೂ ಸರಿ, ಸ್ಪೀಡೂ ಸರಿ. ಟಿವಿ ಮುಂದೆ ಮೈಕ್ ಇಟ್ಟು ಮಾಡಿದ ಟೇಪು ನಿಮ್ಮಲ್ಲಿ ಯಾರ ಹತ್ತಿರ ಇದ್ದರೂ ಮೊದಲು ಅಲ್ಲಿ ನೋಡಿ. ಡಿಜಿಟೈಸ್ ಮಾಡುವಾಗ 48ರ ಬದಲು 96 ಸಾವಿರದಲ್ಲಿ ತಗೊಳ್ಳಿ, ಡೆಕ್ಕಿನ ಡಾಲ್ಬಿ (ಹಿಸ್ ಸದ್ದು ಕಡಿಮೆ ಮಾಡುವ ಸ್ವಿಚ್) ಆಫ್ ಇಡಿ. ಭಾರತದ ಹಳೇ ಟಿವಿಯಾದರೆ ಗೆರೆ 15,625ರಲ್ಲಿ ಬರುತ್ತೆ, ಅದನ್ನು ನೆನಪಿಟ್ಟುಕೊಂಡು ಲೆಕ್ಕ ಹಾಕಿ.